ಮಾತು ಕೇಳ್ತು, ಪದ ಕೇಳ್ತಿಲ್ಲೆ

ನನ್ನ ಅಣ್ಣ ಯಕ್ಷಗಾನದ ಭಾಗವತನಾಗಿದ್ದ. ರಂಗದ ಹಿಂಬದಿಯಲ್ಲಿ ತಾಳ ಹಿಡಿದು ಕುಳಿತು, ಪದ ಹೇಳಿ, ವೇಷಗಳನ್ನು ಕುಣಿಸಿ, ಇಡೀ ಆಟವನ್ನು ನಡೆಸುವ ಹಾಡುಗಾರ. ನನಗಿಂತ ಬಹಳ ದೊಡ್ಡವನು. ಅಪ್ಪಯ್ಯ ತೀರಿಕೊಂಡಾಗ ನಾನಿನ್ನೂ ಕನ್ನಡ ಶಾಲೆಗೆ ಹೋಗುತ್ತಿದ್ದೆ. ನನ್ನನ್ನು ಓದಿಸಿ, ಶಿಕ್ಷಕಿಯ ತರಬೇತಿಗೆ ಕಳಿಸಿ, ಶಿರಸಿಗೆ ಮದುವೆ ಮಾಡಿಕೊಟ್ಟವನು ಅವನೇ. ಆಟದ ತಿಂಗಳುಗಳಲ್ಲಿ ಮೇಳದ ಜೊತೆ ತಿರುಗುತ್ತಿದ್ದ. ಉಳಿದ ದಿನಗಳಲ್ಲಿ ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಬಾಡಿಗೆ ಮನೆಯಲ್ಲಿ ಇದ್ದುಕೊಂಡು, ಕಲಿಯಲು ಬಂದವರಿಗೆ ಪದ ಹೇಳಿಕೊಡುತ್ತಿದ್ದ. ಅವನಿಗೂ ಅತ್ತಿಗೆಗೂ ಮಕ್ಕಳಾಗಲಿಲ್ಲ. ಆ ಮನೆಗೆ ನಾನು ತಂಗಿಯೂ ಹೌದು, ಮಗಳೂ ಹೌದು.

ಅವನ ಗಂಟಲು ದೊಡ್ಡದು. ಓಣಿಯ ಆ ತುದಿಗೆ ಒಂದು ಹಿಟ್ಟಿನ ಗಿರಣಿ ಇತ್ತು. ಗಿರಣಿ ಓಡುತ್ತಿರುವಾಗಲೇ ಅಣ್ಣ ಜಗಲಿಯಲ್ಲಿ ಕುಳಿತು ಪದ ಎತ್ತಿದರೆ, ಹಿಟ್ಟು ಮಾಡಿಸಲು ಬಂದವರು ಅಲ್ಲಿಂದಲೇ ಸಾಹಿತ್ಯ ಬಿಡಿಸಿ ಹೇಳುತ್ತಿದ್ದರು. ಏರುಪದಕ್ಕೆ ಹೋದಾಗ ಅವನ ಕುತ್ತಿಗೆಯ ನರ ಉಬ್ಬುತ್ತಿತ್ತು. ಆದರೆ ಮುಖ ಮಾತ್ರ ಊಟಕ್ಕೆ ಕುಳಿತವನ ಮುಖದಷ್ಟು ಶಾಂತ. ಚಿಕ್ಕವಳಿದ್ದಾಗ ನಾನು ಆ ಮುಖವನ್ನೇ ನೋಡುತ್ತ ಕೂರುತ್ತಿದ್ದೆ, ಇಷ್ಟು ದೊಡ್ಡದು ಎಲ್ಲಿಂದ ಬರುತ್ತದೆ ಎಂದು.

ಮೈಕಿನವರಿಗೆ ಮಾತ್ರ ಅವನೆಂದರೆ ತಲೆನೋವು. ಮೊದಲೆಲ್ಲ ರಂಗದ ಮೇಲಿಂದ ಒಂದೋ ಎರಡೋ ಮೈಕ್ ಇಳಿಬಿಡುತ್ತಿದ್ದರು. ಅದರ ಪಾಡಿಗೆ ಅದು, ಇವನ ಪಾಡಿಗೆ ಇವನು. ಆಮೇಲೆ ಬಾಯಿಯ ಮುಂದೆಯೇ ಸ್ಟ್ಯಾಂಡ್ ಬಂತು, ಎಕೋ ಬಂತು, ಹಾಡುವವನಿಗೆ ತನ್ನ ಸ್ವರ ಕೇಳಲೆಂದು ಪಕ್ಕದಲ್ಲೊಂದು ಮಾನಿಟರ್ ಬಾಕ್ಸ್ ಬಂತು. ಶಿರಸಿಯ ಮೈಕ್ ಸೆಟ್ಟಿನ ಸಾಯಬರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಆಟಗಳಿಗೆ ಹೋಗುತ್ತಿದ್ದವರು. ಅಣ್ಣನ ವಯಸ್ಸಿನವರೇ. ಆಟ ಶುರುವಾಗುವ ಮೊದಲು ಇಬ್ಬರ ಜಗಳ ಒಂದು ಕಟ್ಟಳೆಯ ಹಾಗೆ ನಡೆಯುತ್ತಿತ್ತು.

“ಭಾಗವತ್ರೇ, ಸ್ವಲ್ಪ ಹಿಂದೆ ಸರೀರಿ. ಇಲ್ಲಾಂದ್ರೆ ನನ್ನ ಬಾಕ್ಸ್ ಹರಿದು ಹೋಗ್ತದೆ.”

“ನಾ ಎಲ್ಲಿಗೆ ಸರೀಲಿ ಮಾರಾಯ್ರೇ, ಹಿಂದೆ ಪರದೆ ಉಂಟು. ನಿಮ್ಮ ಮೈಕನ್ನೇ ಸರ್ಸಿ.”

ಸಾಯಬರು ಬೈದುಕೊಳ್ಳುತ್ತ ಸ್ಟ್ಯಾಂಡ್ ಹಿಂದಕ್ಕೆ ತಳ್ಳುತ್ತಿದ್ದರು. ಆಟ ಮುಗಿದ ಮೇಲೆ ವಾಯರ್ ಸುತ್ತುತ್ತ ಅದೇ ಪದವನ್ನು ತಾವೇ ಗುನುಗುತ್ತಿದ್ದರು.

ನನಗೂ ಪದ ಬರುತ್ತಿತ್ತು. ಮಳೆಗಾಲದಲ್ಲಿ ಅಣ್ಣ ಬೇರೆಯವರಿಗೆ ಹೇಳಿಕೊಡುವಾಗ ಒಳಗೆ ಅತ್ತಿಗೆಯ ಜೊತೆ ಹಲಸಿನ ಬೇಳೆ ಸುಲಿಯುತ್ತ ಕುಳಿತೇ ಕಲಿತದ್ದು. ತಾಳ ತಪ್ಪದೆ ಹೇಳುತ್ತಿದ್ದೆ. ಆದರೆ ನನ್ನದು ಸಣ್ಣ ಸ್ವರ. ಒಮ್ಮೆ ಅಣ್ಣ ನನ್ನನ್ನು ಜಗಲಿಯಲ್ಲಿ ಕೂರಿಸಿ, ತಾನು ಓಣಿಗಿಳಿದು ನಿಂತು ಕೇಳಿದ. ವಾಪಸ್ಸು ಬಂದು ತಲೆಯಾಡಿಸಿದ.

“ಲಯ ಚೊಲೊ ಇದ್ದು. ಸಾಹಿತ್ಯವೂ ಶುದ್ಧ ಇದ್ದು. ಆದ್ರೆ ನಿನ್ನ ಪದ ಅಂಗಳ ದಾಟ್ತಿಲ್ಲೆ, ತಂಗಿ.”

ಬೇಸರದಿಂದ ಹೇಳಿದ್ದೇ ಹೊರತು ಹೀಯಾಳಿಸಿ ಅಲ್ಲ. ಅಂಗಳ ದಾಟದ ಸ್ವರಕ್ಕೆ ಭಾಗವತಿಕೆ ಇಲ್ಲ, ಅಷ್ಟೇ ಅವನ ಲೆಕ್ಕ. ನಾನೂ ಅದನ್ನು ಒಪ್ಪಿಕೊಂಡಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತ, ಹಳಗನ್ನಡದ ಪದ್ಯಗಳನ್ನು ಮಕ್ಕಳಿಗೆ ರಾಗದಲ್ಲಿ ಓದಿ ತೋರಿಸುತ್ತ, ಅಷ್ಟರಲ್ಲೇ ತೃಪ್ತಳಾಗಿದ್ದೆ.

ನಲವತ್ತರ ಆಸುಪಾಸಿನಲ್ಲಿ ನಾನು ಶಿರಸಿಯ ಹೆಂಗಸರ ತಾಳಮದ್ದಳೆಯ ಗುಂಪೊಂದನ್ನು ಸೇರಿದೆ. ತಾಳಮದ್ದಳೆಯೆಂದರೆ ವೇಷ ಕುಣಿತ ಇಲ್ಲದ ಆಟ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪಾತ್ರಗಳಾಗಿ ಮಾತಾಡುತ್ತಾರೆ, ಆ ಮಾತೇ ಅರ್ಥ. ನನ್ನದು ಸಣ್ಣಪುಟ್ಟ ಅರ್ಥ. ಒಂದು ಭಾನುವಾರ ಮಧ್ಯಾಹ್ನ ಕಾರ್ಯಕ್ರಮ ಇತ್ತು. ಜನ ಬಂದು ಕುಳಿತಿದ್ದಾರೆ, ಬರಬೇಕಿದ್ದ ಭಾಗವತರಿಗೆ ಜ್ವರ ಎಂದು ಫೋನು ಬಂತು. ಅಣ್ಣ ನನ್ನ ಅರ್ಥ ಕೇಳಲೆಂದು ಸಿದ್ದಾಪುರದಿಂದ ಬಂದು ಎರಡನೆಯ ಸಾಲಿನಲ್ಲಿ ಕುಳಿತಿದ್ದ. ನಮ್ಮ ಗುಂಪಿನ ಹಿರಿಯಕ್ಕ ಅವನ ಬಳಿ ಹೋಗಿ ಕೈಮುಗಿದರು. ಅವನು ಏಳಲಿಲ್ಲ.

“ತಂಗಿಗೆ ಪದ ಎಲ್ಲ ಬರ್ತು. ಮೈಕ್ ಇದ್ದು, ಹೇಳ್ಲಿ” ಅಂದ.

ನಾನು ಎದ್ದು ಹೋಗಿ ಭಾಗವತರ ಜಾಗದಲ್ಲಿ ಕುಳಿತೆ. ಆ ದಿನವೂ ಮೈಕ್ ಸಾಯಬರದ್ದೇ. ಅವರು ಬಂದು ಸ್ಟ್ಯಾಂಡನ್ನು ನನ್ನ ತುಟಿಯ ಹತ್ತಿರಕ್ಕೆ ಎಳೆದು, “ಅಕ್ಕೋರೇ, ನೀವು ಕೂಗ್ಬೇಡಿ. ಮನೇಲಿ ಹೇಳಿದ ಹಾಗೆ ಹೇಳಿ. ಮುಂದಿಂದು ನನಗೆ ಬಿಡಿ” ಎಂದರು. ನಾನು ಮನೆಯಲ್ಲಿ ಹೇಳುವಂತೆಯೇ ಹೇಳಿದೆ. ಸಭಾಂಗಣದ ನಾಲ್ಕೂ ಮೂಲೆಯಿಂದ ಒಬ್ಬ ಹೆಂಗಸಿನ ಸ್ವರ ಬರತೊಡಗಿತು. ಅದು ನನ್ನದೆಂದು ಗೊತ್ತಾಗಲು ಒಂದು ಚರಣವೇ ಬೇಕಾಯಿತು. ಉಸಿರು, ಗಮಕದ ಸಣ್ಣ ನಡುಕ, ಒಂದು ಅಕ್ಷರದಿಂದ ಇನ್ನೊಂದಕ್ಕೆ ಜಾರುವುದು, ಇವೆಲ್ಲ ನನಗೊಬ್ಬಳಿಗೇ ಗೊತ್ತಿದ್ದ ಸಂಗತಿ ಎಂದುಕೊಂಡಿದ್ದೆ. ಕೊನೆಯ ಸಾಲಿನಲ್ಲಿ ಕುಳಿತವರ ಮುಖದ ಮೇಲೂ ಅದು ಕಾಣುತ್ತಿತ್ತು.

ಮುಗಿದ ಮೇಲೆ ಅಣ್ಣನನ್ನು ಬಸ್ಸಿಗೆ ಬಿಡಲು ಹೋದೆ. ಸಿದ್ದಾಪುರದ ಬಸ್ಸು ಬಂದು ನಿಂತಾಗ ಹೇಳಿದ:

“ನಿನ್ನ ಗಂಟ್ಲಲ್ಲಿ ಅಷ್ಟೆಲ್ಲ ಇತ್ತು ಹೇಳಿ ನಂಗೆ ಗೊತ್ತಿತ್ತಿಲ್ಲೆ. ಆ ಮೈಕಿನ ಪೆಟ್ಗೆ ತೋರ್ಸ್ಕೊಟ್ತು ನೋಡು.”

ಬಸ್ಸು ಹೊರಟಿತು. ನಾನು ಅಲ್ಲೇ ನಿಂತು ಅತ್ತೆ. ಖುಷಿಗೆ ಅಳು ಬರುವುದೆಂದರೆ ಏನೆಂದು ನನಗೆ ತಿಳಿದದ್ದು ಆ ದಿನ.

ಮುಂದಿನ ವಾರ ಅವನ ಮನೆಗೆ ಹೋದರೆ ಜಗಲಿಯಲ್ಲಿ ಒಂದು ಹಳೆಯ ಆಂಪ್ಲಿಫೈಯರು, ಒಂದು ಮೈಕು. ಸಾಯಬರ ಅಂಗಡಿಯಿಂದ ತಂದದ್ದು. ಜೀವಮಾನವಿಡೀ ಮೈಕನ್ನು ದೂರ ತಳ್ಳಿದವನು ನನಗಾಗಿ ಅದರ ಮುಂದೆ ಕುಳಿತು, ಎಷ್ಟು ಹತ್ತಿರ ಹೋದರೆ ‘ಪ’ಕಾರ ಪಟ್ಟೆಂದು ಒಡೆಯುತ್ತದೆ, ಮುಖ ಎತ್ತ ತಿರುಗಿಸಿ ಉಸಿರು ತೆಗೆದರೆ ಕೇಳುವುದಿಲ್ಲ ಎಂದು ತಾನೇ ಮಾಡಿ ನೋಡುತ್ತಿದ್ದ. ಅತ್ತಿಗೆ ಅಡಿಗೆಮನೆಯ ಬಾಗಿಲಿಗೆ ಒರಗಿ ನಗುತ್ತಿದ್ದಳು. “ನಿಂಗಕ್ಕೆ ಬೇಡದ್ದನ್ನ ತಂಗಿಗೆ ಕಲಿಸ್ತಾ ಇದ್ರಿ” ಅಂದಳು. ಅಣ್ಣನೂ ನಕ್ಕ. “ಇದು ಬೇರೇನೇ ವಿದ್ಯೆ. ಆನೂ ಈಗ ಕಲೀತಾ ಇದ್ದೆ” ಅಂದ.

ಹಾಗೆ ನಾನು ಭಾಗವತಳಾದೆ. ರಜೆಯ ದಿನಗಳಲ್ಲಿ ಹೇರೂರಿನ ಕಡೆ, ಎಕ್ಕಂಬಿಯ ಕಡೆ, ಸ್ವರ್ಣವಲ್ಲಿಯ ಸುತ್ತಿನ ಊರುಗಳಲ್ಲಿ ಪದ ಹೇಳಿದೆ. ಅಷ್ಟರಲ್ಲಿ ಅಣ್ಣ ಮೇಳ ಬಿಟ್ಟಿದ್ದ. ಸಂಜೆ ಶುರುವಾಗಿ ಊಟದ ಹೊತ್ತಿಗೆ ಮುಗಿಯುವ ಸಣ್ಣ ಆಟಗಳು ಹೆಚ್ಚಾಗಿದ್ದವು. ಕೆಲವಕ್ಕೆ ಇಬ್ಬರನ್ನೂ ಕರೆಯುತ್ತಿದ್ದರು. ಮೊದಲರ್ಧ ನಾನು, ಉಳಿದರ್ಧ ಅವನು. ನಾನು ಎದ್ದು ತಾಳವನ್ನು ಅವನ ಕೈಗೆ ಕೊಡುವ ಆ ಗಳಿಗೆ ನನಗೆ ಎಲ್ಲಕ್ಕಿಂತ ಪ್ರಿಯವಾಗಿತ್ತು. ಸಾಯಬರು ಓಡಿಬಂದು ಸ್ಟ್ಯಾಂಡನ್ನು ಹಿಂದಕ್ಕೆ ಎಳೆಯುವರು, ಜನ ನಗುವರು, ಆಮೇಲೆ ಅಣ್ಣ ಪದ ಎತ್ತುವನು, ನಗುತ್ತಿದ್ದವರು ಸುಮ್ಮನಾಗುವರು. ಈಗ ತಿರುಗಿ ನೋಡಿದರೆ ನನ್ನ ಬದುಕಿನ ಒಳ್ಳೆಯ ವರ್ಷಗಳು ಅವು.

ಯಾವಾಗ ಶುರುವಾಯಿತೋ ತಿಳಿಯದು. ಮೊದಮೊದಲು ಅವನು ಮಾನಿಟರ್ ಬಾಕ್ಸನ್ನು ಹತ್ತಿರಕ್ಕೆ ಕೇಳತೊಡಗಿದ. ಬಾಕ್ಸೆಂದರೆ ಮುಖ ಸಿಂಡರಿಸುತ್ತಿದ್ದವನು, “ಸಾಯಬ್ರೇ, ನನ್ನ ಸ್ವರ ನನಗೆ ಕೊಡಿ” ಎಂದು ಪ್ರತಿ ಪದಕ್ಕೂ ಕೈಮಾಡುತ್ತಿದ್ದ. ಅವರು ಏರಿಸುವರು, ಇವನು ಇನ್ನೂ ಏರಿಸಲು ಹೇಳುವನು, ಮೈಕು ಕುಂಯ್ ಎಂದು ಕಿರುಚಿ ಜನ ಕಿವಿ ಮುಚ್ಚಿಕೊಳ್ಳುವರು. ವಯಸ್ಸಾದ ಮೇಲೆ ಗರ್ವ ಬಂತು ಎಂದು ಕೆಲವರು ಆಡಿಕೊಂಡರು. ನನಗೂ ಏನೋ ಸಿಟ್ಟು ಎಂದೇ ಅನ್ನಿಸಿತ್ತು. ಮನೆಯಲ್ಲಿ ಮಾತಾಡಿದರೆ ಸರಿಯಾಗಿಯೇ ಉತ್ತರಿಸುತ್ತಿದ್ದ. ಅವನು ನಮ್ಮ ತುಟಿ ನೋಡಿ ಮಾತು ಹಿಡಿಯುತ್ತಿದ್ದನೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಅವನಿಗೂ ಹೊಳೆದಿರಲಿಲ್ಲವೇನೋ.

ಆಮೇಲೆ ಬಂತು ಯಲ್ಲಾಪುರದ ಆಟ. ಒಳ್ಳೆಯ ಸಭೆ. ಮೊದಲರ್ಧ ನಾನು ಹೇಳಿ ಇಳಿದು, ಪಕ್ಕದಲ್ಲಿ ನೀರು ಕುಡಿಯುತ್ತ ನಿಂತಿದ್ದೆ. ಅಣ್ಣ ಕುಳಿತ. ತಾಯಿಯೊಬ್ಬಳು ಯುದ್ಧಕ್ಕೆ ಹೊರಟ ಮಗನನ್ನು ಬೀಳ್ಕೊಡುವ ಸಂದರ್ಭ. ಅವನು ನೂರಾರು ಸಲ ಹೇಳಿದ ಪದ. ಎತ್ತಿದ ಸ್ವರ ಶ್ರುತಿಯ ಪಕ್ಕದಲ್ಲಿ ಬಿತ್ತು. ಒಂದು ಕ್ಷಣಕ್ಕೆ ಎಲ್ಲರಿಗೂ ಆಗುವಂಥದ್ದು, ಸರಿಮಾಡಿಕೊಳ್ಳುತ್ತಾನೆ ಎಂದುಕೊಂಡೆ. ಮಾಡಿಕೊಳ್ಳಲಿಲ್ಲ. ಅಷ್ಟೇ ದೊಡ್ಡ ಗಂಟಲಿನಿಂದ, ಅಷ್ಟೇ ಶಾಂತವಾದ ಮುಖದಿಂದ, ಇಡೀ ಪದವನ್ನು ಶ್ರುತಿ ಬಿಟ್ಟು ಹೇಳಿದ. ಮದ್ದಳೆಯವರು ಬಾಗಿ ಅವನ ಮುಖ ನೋಡಿದರು. ಶ್ರುತಿಪೆಟ್ಟಿಗೆಯ ಕಡೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಅಣ್ಣ ಅವರಿಗೆ ಮುಗುಳ್ನಕ್ಕು ಮುಂದಿನ ಪದಕ್ಕೆ ಹೋದ. ತಾಯಿಯ ವೇಷದವರು ಕುಣಿಯಲಾರದೆ ನಿಂತೇಬಿಟ್ಟರು. ಸಭೆಯಲ್ಲಿ ಗುಜುಗುಜು. ಹಿಂದಿನಿಂದ ಯಾರೋ ಸೀಟಿ ಹೊಡೆದರು.

ಆಟ ಇಟ್ಟವರಲ್ಲಿ ಒಬ್ಬರು ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, “ಅಮ್ಮ, ದಯಮಾಡಿ ನೀವು ಹತ್ತಿ. ಅವರು ದೊಡ್ಡವರು, ನಾವು ಹೇಳಲಿಕ್ಕೆ ಆಗೂದಿಲ್ಲ” ಅಂದರು. ನಾನು ಹೋಗಿ ಅಣ್ಣನ ಭುಜ ಮುಟ್ಟಿದೆ. ಅವನು ತಿರುಗಿ ನನ್ನ ಮುಖ ನೋಡಿದ, ಆಮೇಲೆ ಸಭೆಯನ್ನು ನೋಡಿದ. ಏನೋ ಆಗಿದೆಯೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ತಾಳ ನನ್ನ ಕೈಗಿಟ್ಟು ಇಳಿದು ನೇರ ಸಾಯಬರ ಬಳಿ ಹೋದ.

“ಮೈಕ್ ಬಂದಾಗಿತ್ತಾ?”

ಸಾಯಬರು ಅವನ ಮುಖವನ್ನೇ ನೋಡಿದರು. ಆಮೇಲೆ ಗಟ್ಟಿಯಾಗಿ, ಸುತ್ತಲಿನವರಿಗೂ ಕೇಳುವ ಹಾಗೆ ಹೇಳಿದರು: “ಹೌದು ಭಾಗವತ್ರೇ, ವಾಯರ್ ಲೂಸಾಗಿ ನಿಮಗೆ ಶ್ರುತಿನೇ ಬರ್ಲಿಲ್ಲ. ತಪ್ಪು ನಂದು.”

ನಾನು ಪದ ಹೇಳಲೇಬೇಕಿತ್ತು, ಹೇಳಿದೆ. ಏನು ಹೇಳಿದೆನೋ ನನಗೆ ನೆನಪಿಲ್ಲ.

ಅಣ್ಣ ಆ ಮಾತನ್ನು ನಂಬಿದ. ಕೆಲವು ತಿಂಗಳು ಕಂಡಕಂಡವರಿಗೆಲ್ಲ, “ಯಲ್ಲಾಪುರದಲ್ಲಿ ಮೈಕ್ ಕೈಕೊಟ್ತು” ಎಂದು ಹೇಳಿಕೊಂಡು ತಿರುಗಿದ. ಅದರಿಂದ ಸಾಯಬರ ಹೆಸರು ಕೆಟ್ಟಿತು, ಒಂದೆರಡು ಕಡೆ ಬೇರೆ ಮೈಕಿನವರನ್ನು ಕರೆದರು. ಸಾಯಬರು ಯಾರ ಬಳಿಯೂ ಒಂದು ಮಾತು ಆಡಲಿಲ್ಲ. ಆದರೆ ಒಂದು ದಿನ ನಮ್ಮ ಶಾಲೆಗೆ ಬಂದು, ಗೇಟಿನ ಹೊರಗೇ ನಿಂತು ನನ್ನನ್ನು ಕರೆಸಿ ಹೇಳಿದರು: “ಅಕ್ಕೋರೇ, ಭಾಗವತ್ರ ಕಿವಿ ತೋರಿಸ್ಬೇಕು. ನಾ ಹೇಳಿದ್ರೆ ಅವ್ರು ತಡ್ಕೊಳ್ಳೂದಿಲ್ಲ. ನೀವು ಹೇಳಿ.”

ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಗಾಜಿನ ಕಿಟಕಿಯ ಒಂದು ಸಣ್ಣ ಕೋಣೆಯಲ್ಲಿ ಅವನನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಪರೀಕ್ಷೆ ಮಾಡುವ ಹುಡುಗಿ, “ಅಜ್ಜಾರ, ಎಷ್ಟು ಸಣ್ಣ ಸಪ್ಪಳ ಕೇಳಿದ್ರೂ ಒತ್ತರಿ” ಎಂದು ಸನ್ನೆಯಲ್ಲೂ ತೋರಿಸಿದಳು. ಅವನು ಒತ್ತಿದರೆ ಹೊರಗೆ ಅವಳ ಯಂತ್ರದಲ್ಲಿ ಒಂದು ದೀಪ ಹತ್ತುತ್ತದೆ. ನಾನು ಅವಳ ಪಕ್ಕದಲ್ಲೇ ಕುಳಿತಿದ್ದೆ. ಅವಳು ಸಪ್ಪಳ ಕಳಿಸುವಳು. ಅಣ್ಣ ಕಣ್ಣು ಮುಚ್ಚಿ, ಪದಕ್ಕೆ ಮುಂಚೆ ಶ್ರುತಿ ಹಿಡಿಯಲು ಕೂರುತ್ತಿದ್ದಂತೆಯೇ ತಲೆ ಸ್ವಲ್ಪ ಓರೆಮಾಡಿ ಕುಳಿತಿದ್ದ. ದೀಪ ಹತ್ತಲಿಲ್ಲ. ಅವಳು ಏರಿಸಿದಳು. ಹತ್ತಲಿಲ್ಲ. ಇನ್ನೂ ಏರಿಸಿದಳು. ಅವನ ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಲೇ ಇತ್ತು. ಕಡೆಗೆ ಹೆಡ್‌ಫೋನಿನಿಂದ ಆ ಸಪ್ಪಳ ಸೋರಿ ಗಾಜಿನ ಈಚೆಗಿದ್ದ ನನಗೇ ಸಣ್ಣಗೆ ಕೇಳಿತು. ಆಗ ಅವನು ಒತ್ತಿದ. ಒತ್ತಿ, ಕಣ್ಣು ತೆರೆದು, ಪರೀಕ್ಷೆಯಲ್ಲಿ ಪಾಸಾದವನ ಹಾಗೆ ನನ್ನತ್ತ ನೋಡಿ ನಕ್ಕ.

“ಭಾಳ ವರ್ಷದ್ದು ಐತ್ರಿ. ಚಂಡೆ, ಬಾಕ್ಸುಗಳ ಬಾಜು ಕುಂತು ಕುಂತು ಆಗೇತಿ. ಹೋದದ್ದು ತಿರುಗಿ ಬರೂದಿಲ್ರಿ” ಎಂದರು ಡಾಕ್ಟರು. ನಾನು ಅದನ್ನು ಅವನಿಗೆ ಹೇಗೆ ಹೇಳಲೆಂದು ಒದ್ದಾಡುತ್ತಿದ್ದರೆ, ಅವನೇ ನನ್ನ ಕೈ ತಟ್ಟಿ, “ಆತು, ಗೊತ್ತಾತು. ನಡಿ” ಅಂದ.

ವಾಪಸ್ಸು ಬರುವಾಗ ಶಿರಸಿಯಲ್ಲಿ ಇಳಿದು ಮನೆಗೆ ಬರದೆ ನೇರ ಸಾಯಬರ ಅಂಗಡಿಗೆ ಹೋದ. ನಾನು ಹಿಂದೆಯೇ ಹೋದೆ. ಅವರು ನೆಲದ ಮೇಲೆ ಕುಳಿತು ಏನೋ ಬೆಸೆಯುತ್ತಿದ್ದರು.

“ಸುಳ್ಳು ಹೇಳಿದ್ದಕ್ಕೆ ಬೈಲಿಕ್ಕೆ ಬಂದೆ” ಅಂದ ಅಣ್ಣ.

ಸಾಯಬರು ಎದ್ದು ನಿಂತರು. ಸ್ಟೂಲು ಒರೆಸಿ ಮುಂದಿಟ್ಟರು. ಚಹಾ ತರಿಸಿದರು. ಇಬ್ಬರೂ ಚಹಾ ಕುಡಿದರು. ಅಣ್ಣ ಬೈಯಲಿಲ್ಲ. ಏಳುವಾಗ ಅವರ ಕೈ ಹಿಡಿದು, “ನಿಮ್ಮ ಆಟ ತಪ್ಪಿಸ್ದೆ ನಾನು” ಅಂದ. “ಹೋಗ್ಲಿ ಬಿಡಿ ಭಾಗವತ್ರೇ” ಎಂದರು ಅವರು. ಅವರು ಹೇಳಿದ್ದು ಅಣ್ಣನಿಗೆ ಕೇಳಿಸಿತೋ ಇಲ್ಲವೋ, ತಲೆಯಾಡಿಸಿದ.

ಎರಡೂ ಕಿವಿಗೆ ಮಷೀನು ಹಾಕಿಸಿದೆವು. ಗೋಡಂಬಿಗಿಂತ ಚೂರು ದೊಡ್ಡದು, ಅದರೊಳಗೂ ಒಂದು ಮೈಕು, ಒಂದು ಬಾಕ್ಸು. ಮನೆಗೆ ಬಂದು ಅತ್ತಿಗೆ, “ಕಾಫಿ ಕುಡಿತ್ರಾ?” ಎಂದು ಹಿಂದಿನಿಂದ ಕೇಳಿದಳು. ಅಣ್ಣ ತಿರುಗದೆಯೇ, “ಅರ್ಧ ಲೋಟ ಸಾಕು” ಅಂದ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಮಗೆಲ್ಲ ಕಷ್ಟ ಕಳೆಯಿತೆಂದೇ ಅನ್ನಿಸಿತು.

ಕಾಫಿ ಕುಡಿದು ಅಣ್ಣ ಶ್ರುತಿಪೆಟ್ಟಿಗೆ ಹಾಕಿದ. “ಹೇಳು” ಅಂದ ನನಗೆ. ಅವನೇ ಕಲಿಸಿದ ಒಂದು ಪದ ಎತ್ತಿದೆ. ಎರಡು ಸಾಲು ಆಗುವುದರೊಳಗೆ ಅವನ ಮುಖ ಕಪ್ಪಿಟ್ಟಿತು. ಕೈ ಎತ್ತಿ ನಿಲ್ಲಿಸಿದ. ಮತ್ತೆ ಹೇಳಲು ಹೇಳಿದ. ಒಂದು ಕಿವಿಯ ಮಷೀನು ತೆಗೆದು ಕೇಳಿದ, ಅದನ್ನು ಹಾಕಿ ಇನ್ನೊಂದನ್ನು ತೆಗೆದು ಕೇಳಿದ. ಶ್ರುತಿಪೆಟ್ಟಿಗೆಗೇ ಕಿವಿ ಹಚ್ಚಿ ಕೂತ.

“ಈ ಕಿವಿಗೆ ಒಂದು ಶ್ರುತಿ, ಆ ಕಿವಿಗೆ ಇನ್ನೊಂದು” ಅಂದ. “ನೀ ಡಬ್ಬಿಯೊಳಗೆ ಕೂತ್ಕಂಡು ಮಾತಾಡಿದಾಂಗೆ ಇದ್ದು. ಯಾವ ರಾಗ ಹೇಳಿ ಗೊತ್ತಾಗ್ತಿಲ್ಲೆ.” ಶ್ರುತಿಪೆಟ್ಟಿಗೆಯನ್ನು ಬಂದ್ ಮಾಡಿದ. “ಮಾತು ಕೇಳ್ತು, ತಂಗಿ. ಪದ ಕೇಳ್ತಿಲ್ಲೆ.”

ಮತ್ತೆರಡು ಸಲ ಹುಬ್ಬಳ್ಳಿಗೆ ಹೋಗಿ ಮಷೀನು ಸರಿಮಾಡಿಸಿದೆವು. ಇವು ಮಾತಿಗೆಂದು ಮಾಡಿದವು, ಸಂಗೀತಕ್ಕೆ ಇಷ್ಟೇ ಎಂದರು. ಅವನ ಕಿವಿಯೊಳಗೇ ಸ್ವರ ಹಿಡಿಯುವ ಶಕ್ತಿ ಹೋಗಿರುವಾಗ ಮಷೀನು ಏನು ಮಾಡೀತು. ನಾನು ಹತ್ತಿರ ಕುಳಿತು ಹೇಳಿ ನೋಡಿದೆ, ದೂರ ನಿಂತು ಹೇಳಿ ನೋಡಿದೆ. ಸಾಯಬರು ತಮ್ಮಲ್ಲಿದ್ದ ಒಳ್ಳೆಯ ಬಾಕ್ಸು ತಂದು ಜಗಲಿಯಲ್ಲಿಟ್ಟು, ಒಂದು ಇಡೀ ಮಧ್ಯಾಹ್ನ ಗುಂಡಿ ತಿರುಗಿಸುತ್ತ ಕುಳಿತರು. ಓಣಿಯವರೆಲ್ಲ ಆಟವೇನೋ ಇದೆಯೆಂದು ಬಂದು ನಿಂತರು. ಅಣ್ಣ ಎಲ್ಲರಿಗೂ ಕೂರಲು ಹೇಳಿ, ನಾಚಿಕೊಂಡು ಮಷೀನು ತೆಗೆದು ಜೇಬಿಗೆ ಹಾಕಿದ. ನನ್ನ ಸ್ವರ ಓಣಿಗೆಲ್ಲ ಕೇಳುತ್ತಿತ್ತು, ಗಿರಣಿಯವರೆಗೂ ಹೋಗುತ್ತಿತ್ತು. ನನ್ನೆದುರಿಗೆ ಕುಳಿತ ಒಬ್ಬನಿಗೆ ಮಾತ್ರ ಕೇಳುತ್ತಿರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಶಿರಸಿಯಲ್ಲಿ ಅವನಿಗೊಂದು ಸನ್ಮಾನ ಇಟ್ಟರು. ಬೇಡ ಅಂದ. ಹಳೆಯ ಒಡನಾಡಿಗಳೆಲ್ಲ ಬಂದು ಒತ್ತಾಯ ಮಾಡಿದ ಮೇಲೆ ಒಪ್ಪಿದ. ಸಂಜೆ ಐದಕ್ಕೆ ಸಭೆ. ಶಾಲು, ಹಣ್ಣಿನ ಬುಟ್ಟಿ, ಭಾಷಣ. ಮಷೀನು ಹಾಕುವುದನ್ನು ಅಣ್ಣ ಅಷ್ಟರಲ್ಲಿ ಬಹುಮಟ್ಟಿಗೆ ಬಿಟ್ಟಿದ್ದ. ಭಾಷಣಗಳನ್ನು ಅವನು ತುಟಿ ನೋಡಿ ಹಿಡಿಯಲು ಪ್ರಯತ್ನಿಸಿ, ಸಾಕಾಗಿ, ಮಂದಿಯ ಮುಖ ನೋಡುತ್ತ ಕುಳಿತಿದ್ದ. ಆಮೇಲೆ ನನ್ನ ತಾಳಮದ್ದಳೆ ಇತ್ತು. ನಾನು, ಮದ್ದಳೆಯವರು ಬಂದು ಕುಳಿತು ಶ್ರುತಿ ಹಾಕಿಕೊಂಡೆವು. ಅಷ್ಟರಲ್ಲಿ ಸಭೆಯಿಂದ ಒಬ್ಬರು ಎದ್ದು, “ಭಾಗವತರು ಒಂದು ಪದ ಹೇಳಲೇಬೇಕು” ಎಂದರು. ಅವರಿಗೆ ಸಂಗತಿ ಗೊತ್ತಿರಲಿಲ್ಲ. ಚಪ್ಪಾಳೆ ಬಿತ್ತು. ಅಣ್ಣನಿಗೆ ಚಪ್ಪಾಳೆ ಕಂಡಿತು, ಯಾಕೆಂದು ಪಕ್ಕದವರನ್ನು ಕೇಳಿದ. ಅವರು ಅವನ ಕಿವಿಯ ಬಳಿ ಹೇಳಿದರು. ನಾನು ಬೇಡವೆಂದು ಕೈಯಾಡಿಸಿದೆ. ಅವನು ನನ್ನನ್ನು ನೋಡಿಯೂ ಎದ್ದು ನಿಂತ.

ಮೈಕಿನ ಹತ್ತಿರ ಬಂದು, ರೂಢಿಯಂತೆ ಅದನ್ನು ಕೈಯಿಂದ ದೂರ ಸರಿಸಿದ. ಸಾಯಬರು ತಮ್ಮ ಗುಂಡಿಗಳ ಮೇಲಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅಣ್ಣ ಉಸಿರು ತೆಗೆದುಕೊಂಡ. ನನ್ನ ಮುಂದೆ ಶ್ರುತಿಪೆಟ್ಟಿಗೆ ತನ್ನ ಸಣ್ಣ ಕೆಂಪು ದೀಪ ಹೊತ್ತಿಸಿಕೊಂಡು ನುಡಿಯುತ್ತಿತ್ತು. ಅವನ ಸ್ವರ ಅದರ ಪಕ್ಕದಲ್ಲಿ ಬಂದು ಬೀಳುತ್ತದೆ, ಎಲ್ಲರಿಗೂ ತಿಳಿಯುತ್ತದೆ ಎಂದು ನನಗೆ ಗೊತ್ತಿತ್ತು. ನಾನು ಕೈ ಚಾಚಿ ಪೆಟ್ಟಿಗೆಯನ್ನು ಬಂದ್ ಮಾಡಿದೆ. ಯೋಚಿಸಿ ಮಾಡಿದ್ದಲ್ಲ. ಶ್ರುತಿಯೇ ಇಲ್ಲದಿದ್ದರೆ ಅವನು ಯಾವುದನ್ನು ಬಿಟ್ಟ ಹಾಗಾಯಿತು. ಮದ್ದಳೆಯವರೂ ಕೈ ಹಿಂದೆಗೆದುಕೊಂಡರು.

ಅವನು ಹೇಳಿದ. ಮೈಕಿಲ್ಲ, ಶ್ರುತಿಯಿಲ್ಲ, ಮದ್ದಳೆಯಿಲ್ಲ. ತಾಳಕ್ಕೆ ಬದಲು ಎಡ ಅಂಗೈ ಮೇಲೆ ಬಲಗೈ ತಟ್ಟಿಕೊಂಡು, ಕಣ್ಣು ಮುಚ್ಚಿ ಹೇಳಿದ. ಗಂಟಲು ಹಾಗೆಯೇ ಇತ್ತು, ಚೂರೂ ಸವೆದಿರಲಿಲ್ಲ. ಸಭಾಂಗಣದ ಬಾಗಿಲು ದಾಟಿ ರಸ್ತೆಗೆ ಹೋಯಿತು. ಹೋಗುತ್ತಿದ್ದವರು ನಿಂತು ಒಳಗೆ ಇಣುಕಿದರು. ಸ್ವರಗಳು ಒಂದರಿಂದ ಇನ್ನೊಂದಕ್ಕೆ ಹೋಗುವಾಗ ದಾರಿ ತಪ್ಪುತ್ತಿದ್ದವು. ರಾಗ ಎಲ್ಲೋ ಶುರುವಾಗಿ ಎಲ್ಲಿಗೋ ಬರುತ್ತಿತ್ತು. ಸಾಹಿತ್ಯದ ಒಂದಕ್ಷರ ತಪ್ಪಲಿಲ್ಲ, ಲಯ ಒಂದೆಳೆ ಜಾರಲಿಲ್ಲ. ಯಾರೂ ಗುಜುಗುಜು ಮಾಡಲಿಲ್ಲ. ಮದ್ದಳೆಯವರು ಮುಖಕ್ಕೆ ಶಾಲು ಅಡ್ಡ ಹಿಡಿದು ಅಳುತ್ತಿದ್ದರು. ಮುಗಿಸಿ ಕಣ್ಣು ತೆರೆದಾಗ ಸಭೆ ಎದ್ದು ನಿಂತಿತ್ತು.

ಆಮೇಲೆ ನಾನು ಪದ ಹೇಳಿದೆ. ಅವನು ಮುಂದಿನ ಸಾಲಿನಲ್ಲಿ ಕುಳಿತು ಕಡೆಯವರೆಗೂ ನನ್ನ ತುಟಿ ನೋಡುತ್ತಿದ್ದ.

ಅವನನ್ನೂ ಅತ್ತಿಗೆಯನ್ನೂ ನಮ್ಮ ಮನೆಗೆ ಕರೆದುಕೊಂಡು ಬಂದೆ. ಊಟಕ್ಕೆ ಬಡಿಸುತ್ತಿದ್ದಾಗ ಕೇಳಿದ: “ಶ್ರುತಿ ಸೇರಿತ್ತಾ?”

“ಸೇರಿತ್ತು ಅಣ್ಣ” ಅಂದೆ, ತುಟಿ ಸರಿಯಾಗಿ ಕಾಣುವ ಹಾಗೆ.

ಅನ್ನ ಕಲಸುತ್ತ ಹೇಳಿದ: “ಪೆಟ್ಗೆ ದೀಪ ಆರಿದ್ದು ಆನು ನೋಡ್ದೆ.”

ನನ್ನ ಕೈಯ ಸೌಟು ಹಾಗೇ ನಿಂತಿತು. ಅವನು ತಲೆಯೆತ್ತಿ, “ಚೊಲೊ ಮಾಡ್ದೆ. ಆನಾದ್ರೂ ಹಂಗೇ ಮಾಡ್ತಿದ್ದೆ. ಇನ್ನು ಯಾರು ಕೇಳಿದ್ರೂ ಪದ ಹೇಳ್ತಿಲ್ಲೆ. ನೀ ಬೇಡ ಹೇಳಿ ನನ್ನ ತಡೆಯದೂ ಬೇಡ” ಅಂದು ಸಾರು ಹಾಕಲು ಬಟ್ಟಲು ತೋರಿಸಿದ.

ಆಡಿದಂತೆಯೇ ನಡೆದುಕೊಂಡ. ಮತ್ತೆ ಒಂದು ಪದವಿಲ್ಲ, ಸ್ನಾನ ಮಾಡುವಾಗ ಒಂದು ಗುನುಗಿಲ್ಲ. ಕಲಿಯಲು ಬರುತ್ತಿದ್ದವರನ್ನು ನನ್ನ ಬಳಿ ಕಳಿಸಿದ. ನಾನು ವಾರಕ್ಕೊಮ್ಮೆ ಸಿದ್ದಾಪುರಕ್ಕೆ ಹೋದಾಗ ಎಲ್ಲಿ ಆಟವಾಯಿತು, ಯಾವ ಪದ ಹೇಳಿದೆ, ಯಾವುದನ್ನು ಬಿಟ್ಟೆ ಎಂದು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. “ಆ ಪದ ಬಿಡ್ಬಾರ್ದಾಗಿತ್ತು” ಎಂದು ಬೈಯುತ್ತಿದ್ದ. ನನ್ನ ಸ್ವರ ಹೇಗಾಗಿದೆ ಈಗ ಎಂದು ಒಮ್ಮೆ ಕೇಳಿದ. ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ ಅಂದೆ. “ನಾ ಕೇಳಿದ್ದಕ್ಕಿಂತ ಮಾಗಿರ್ತು” ಅಂದ.

ಹೋದ ವರ್ಷ ಅಣ್ಣ ತೀರಿಕೊಂಡ. ಬೆಳಗಿನ ತಿಂಡಿ ತಿಂದು ಜಗಲಿಯ ಕುರ್ಚಿಯಲ್ಲಿ ಪೇಪರು ಹಿಡಿದು ಕುಳಿತಿದ್ದ. ಕಿವಿಯ ಮಷೀನು ಹಾಕಿರಲಿಲ್ಲ. ಅತ್ತಿಗೆ ಒಳಗಿನಿಂದ ಕರೆದಳು. ಅವನು ಓಗೊಡಲಿಲ್ಲ. ಓಗೊಡದೇ ಇರುವುದು ಆ ಮನೆಯಲ್ಲಿ ದಿನದ ಸಂಗತಿಯಾಗಿದ್ದರಿಂದ ಅವಳಿಗೆ ಏನೂ ಅನ್ನಿಸಲಿಲ್ಲ. ಮಾಡುತ್ತಿದ್ದ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ರೂಢಿಯಂತೆ ಹೋಗಿ ಭುಜ ಮುಟ್ಟಿದಳು. ಆಗ ತಿಳಿಯಿತು. ಎಷ್ಟು ಹೊತ್ತಾಗಿತ್ತೋ ಯಾರಿಗೆ ಗೊತ್ತು.

“ಆನು ಕರೀತಾನೇ ಇದ್ದಿದ್ದೆ ತಂಗಿ. ಕಿವಿ ಕೇಳ್ತಿಲ್ಲೆ ಅಲ್ದಾ ಹೇಳಿ ಸುಮ್ಮಂಗಿದ್ದೆ” ಎಂದು ನನ್ನನ್ನು ಹಿಡಿದುಕೊಂಡು ಮತ್ತೆ ಮತ್ತೆ ಅದನ್ನೇ ಹೇಳಿದಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಅತ್ತಿಗೆಯನ್ನು ನಮ್ಮ ಮನೆಗೆ ಕರೆತಂದೆ. ಸಾಯಬರು ಬಂದು ಮಾತಾಡಿಸಿಕೊಂಡು ಹೋಗುತ್ತಾರೆ. ಮೈಕ್ ಸೆಟ್ಟನ್ನು ಈಗ ಅವರ ಅಳಿಯ ನೋಡಿಕೊಳ್ಳುತ್ತಾನೆ. ನಾನು ಪದ ಹೇಳುವುದನ್ನು ಬಿಟ್ಟಿಲ್ಲ. ಬಿಟ್ಟರೆ ಅಣ್ಣ ಬೈಯುತ್ತಿದ್ದ.

ಅತ್ತಿಗೆ ಮಾತ್ರ ಈಗಲೂ ಗಟ್ಟಿಯಾಗಿ ಮಾತಾಡುತ್ತಾಳೆ. ಅಷ್ಟು ವರ್ಷ ಕೂಗಿ ಕೂಗಿ ಅವಳ ದನಿ ಅಲ್ಲೇ ನಿಂತುಬಿಟ್ಟಿದೆ. ಸಂಜೆ ನಾನು ಶಾಲೆಯಿಂದ ಬಂದು ಅಡಿಗೆಮನೆಯ ಬಾಗಿಲ ಬಳಿಯೇ ಕುಳಿತಿದ್ದರೂ, “ಕಾಫಿ ಆತು!” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಕೂಗಿ, ತನ್ನ ದನಿಗೆ ತಾನೇ ಬೆಚ್ಚಿ, ಸುಮ್ಮನಾಗುತ್ತಾಳೆ. ನಾನೂ ಅಷ್ಟೇ ಗಟ್ಟಿಯಾಗಿ, “ಬಂದೆ ಅತ್ತಿಗೆ” ಎನ್ನುತ್ತೇನೆ.